ಮಗುವಿಗೆ ಮೊದಲ ಡರ್ಟ್ ಬೈಕ್: ಯಾವುದು ತಗೊಳ್ಳೋದು, ಅಥವಾ ಈಗಲೇ ಬೇಡವಾ?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಅಪ್ಪ ಅಮ್ಮಂದಿರು ಈಚೆಗೆ ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಮಗನೋ ಮಗಳೋ ಮೊಬೈಲಲ್ಲಿ ಪುಟ್ಟ ಡರ್ಟ್ ಬೈಕ್, ಅಂದರೆ ಮಣ್ಣು ನೆಲದಲ್ಲಿ ಓಡಿಸುವ ಬೈಕ್, ಓಡಿಸುವ ಮಕ್ಕಳನ್ನು ನೋಡಿ ಹಟ ಹಿಡಿದಿರುತ್ತಾರೆ. ಊರಲ್ಲಿ ಜಮೀನಿದೆ, ಓಡಿಸೋಕೆ ಜಾಗ ಇದೆ. ಆನ್‌ಲೈನಲ್ಲಿ 30–40 ಸಾವಿರಕ್ಕೆ 49 ಸಿಸಿ ಪೆಟ್ರೋಲ್ ಗಾಡಿ ಸಿಗುತ್ತದೆ. ಎಲೆಕ್ಟ್ರಿಕ್ ಗಾಡಿಗಳೂ ಬಂದಿವೆ. ಮನೆ ಹಿಂದೆ ತಾತನ ಹಳೇ ಟಿವಿಎಸ್ ಎಕ್ಸ್‌ಎಲ್ ನಿಂತಿದೆ. ಇದರಲ್ಲಿ ಯಾವುದು?

ಚಿಂತಾಮಣಿ ಕಡೆಯ ಒಬ್ಬ ತಾಯಿಗೆ ಏಳು ವರ್ಷದ ಮಗಳು. ಗುಬ್ಬಿ ಹತ್ತಿರದ ಒಬ್ಬ ತಂದೆಗೆ ಹನ್ನೊಂದು ವರ್ಷದ ಮಗ. ಇಬ್ಬರೂ ಮೊದಲು ಕೇಳಿದ್ದು "ಎಷ್ಟು ಸಿಸಿ ತಗೊಳ್ಳಲಿ?" ಅಂತ. ಸಿಸಿ ಆಮೇಲಿನ ಮಾತು. ಮಗು ಆ ಗಾಡಿಯ ಮೇಲೆ ಕೂತು ಎರಡೂ ಕಾಲು ನೆಲಕ್ಕೆ ಊರಬಲ್ಲದೇ, ಬೇಕೆಂದ ಕಡೆ ನಿಲ್ಲಿಸಬಲ್ಲದೇ, ಬಿದ್ದರೆ ಅದರ ಕೆಳಗಿಂದ ಹೊರಬರಬಲ್ಲದೇ? ಈ ಮೂರಕ್ಕೂ ಹೌದು ಅನ್ನುವ ಗಾಡಿ ಮಾತ್ರ ಮೊದಲ ಗಾಡಿ ಆಗಬೇಕು.

ಮೊದಲು ಕಾನೂನು

ಇದು ಗೊತ್ತಿಲ್ಲದೆ ಮುಂದೆ ಹೋಗಬೇಡಿ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ 18 ತುಂಬದವರು ಸಾರ್ವಜನಿಕ ಜಾಗದಲ್ಲಿ ಮೋಟಾರು ಗಾಡಿ ಓಡಿಸುವಂತಿಲ್ಲ. 50 ಸಿಸಿ ಒಳಗಿನ ಬೈಕಿಗೆ ಮಾತ್ರ 16 ತುಂಬಿದವರಿಗೆ ಲೈಸೆನ್ಸ್ ಸಿಗುತ್ತದೆ. 2019ರ ತಿದ್ದುಪಡಿಯಲ್ಲಿ 199ಎ ಸೆಕ್ಷನ್ ಸೇರಿತು. ಮಗು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಗಾಡಿ ಮಾಲೀಕರೇ ತಪ್ಪಿತಸ್ಥರು. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ.

"ನಾವು ರೋಡಿಗೆ ಹೋಗಲ್ಲ, ಕೆರೆ ಅಂಗಳದಲ್ಲಿ ಅಷ್ಟೇ" ಅನ್ನುತ್ತಾರೆ ಸುಮಾರು ಜನ. ಸಾರ್ವಜನಿಕ ಜಾಗ ಅಂದರೆ ಟಾರು ರಸ್ತೆ ಮಾತ್ರ ಅಲ್ಲ. ಜನರಿಗೆ ಓಡಾಡುವ ಹಕ್ಕಿರುವ ಯಾವ ದಾರಿಯೂ ಅದರಲ್ಲಿ ಬರುತ್ತದೆ. ಗಾಡಿ ಜಾಡು, ಕೆರೆ ಏರಿ, ಊರ ಮುಂದಿನ ಮೈದಾನ ಎಲ್ಲವೂ ಅನುಮಾನದ ಜಾಗಗಳೇ. ದೇವರಾಯನದುರ್ಗದಂಥ ಕಾಯ್ದಿಟ್ಟ ಕಾಡಿನ ಕಡೆಯಂತೂ ತಲೆ ಹಾಕಲೇಬೇಡಿ. ಸ್ವಂತ ಜಮೀನು, ಇಲ್ಲವೇ ಗೊತ್ತಿರುವವರು ಒಪ್ಪಿ ಕೊಟ್ಟ ಬೇಲಿ ಒಳಗಿನ ಜಾಗ, ಇಲ್ಲವೇ ತರಬೇತಿ ಮೈದಾನ. ಇಷ್ಟೇ. ಮನೆಯಿಂದ ಅಲ್ಲಿಗೆ ಗಾಡಿಯನ್ನು ಆಟೋದಲ್ಲೋ ಕಾರಿನ ಡಿಕ್ಕಿಯಲ್ಲೋ ಹಾಕಿಕೊಂಡು ಹೋಗಬೇಕು. ಮಕ್ಕಳ ಡರ್ಟ್ ಬೈಕುಗಳಿಗೆ ನೋಂದಣಿ ಇಲ್ಲ, ಇನ್ಶೂರೆನ್ಸೂ ಇಲ್ಲ. ಮಗು ಯಾರಿಗಾದರೂ ಗುದ್ದಿದರೆ ಪೂರ್ತಿ ಖರ್ಚು ನಿಮ್ಮದೇ.

ಅಪಾಯ ಎಷ್ಟು ನಿಜ

ಅಮೆರಿಕದ ಮಕ್ಕಳ ವೈದ್ಯರ ಸಂಘಟನೆ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 16 ತುಂಬುವವರೆಗೆ ಮಕ್ಕಳು ಇಂಥ ಮೋಟಾರು ಗಾಡಿ ಓಡಿಸಬಾರದು ಎಂದೇ ಹೇಳಿದೆ. ಡರ್ಟ್ ಬೈಕ್ ಸಂಸ್ಕೃತಿ ಬೇರೂರಿರುವ ದೇಶದ ವೈದ್ಯರ ಮಾತು ಅದು. ಓದಿದ ಮೇಲೂ ಕೊಡಿಸುವವರು ಇದ್ದಾರೆ, ಅಲ್ಲಿಯೂ ಇದ್ದಾರೆ. ಆದರೆ ಗೊತ್ತಿದ್ದು ತೀರ್ಮಾನ ಮಾಡಬೇಕು.

ಸಾಮಾನ್ಯವಾಗಿ ಮುರಿಯುವುದು ಮಣಿಕಟ್ಟು, ಮುಂಗೈ, ಕತ್ತಿನ ಕೆಳಗಿನ ಕಾಲರ್ ಬೋನ್. ಮಕ್ಕಳ ಎಲುಬಿನ ತುದಿಯಲ್ಲಿ ಬೆಳೆಯುವ ಭಾಗ ಇರುತ್ತದೆ, ಡಾಕ್ಟರುಗಳು ಗ್ರೋತ್ ಪ್ಲೇಟ್ ಅನ್ನುತ್ತಾರೆ. ಪೆಟ್ಟು ಅಲ್ಲಿ ಬಿದ್ದರೆ ಆ ಕೈ ಅಥವಾ ಕಾಲು ಸರಿಯಾಗಿ ಬೆಳೆಯದೆ ಹೋಗಬಹುದು. ಆದ್ದರಿಂದ ಊತ ಬಂದರೆ ಎಣ್ಣೆ ಹಚ್ಚಿ ತಿಕ್ಕುವುದು, ನಾಟಿ ಕಟ್ಟು ಹಾಕಿಸುವುದು ಬೇಡ. ಎಕ್ಸ್‌ರೇ ತೆಗೆಸಿ.

ಇನ್ನೊಂದು ಪೆಟ್ಟು ಕಣ್ಣಿಗೆ ಕಾಣುವುದಿಲ್ಲ. ಬೀಳುವಾಗ ಹ್ಯಾಂಡಲ್ ತಿರುಗಿ ಅದರ ತುದಿ ಹೊಟ್ಟೆಗೆ ಚುಚ್ಚುತ್ತದೆ. ಹೊರಗೆ ನಾಲ್ಕಾಣೆ ಅಗಲದ ಕೆಂಪು ಗುರುತು, ಅಷ್ಟೇ. ಒಳಗೆ ಲಿವರ್ ಅಥವಾ ಸ್ಪ್ಲೀನ್ ಹರಿದು ರಕ್ತ ಸೋರುತ್ತಿರಬಹುದು. ಮಗು ಮೊದಲು ಎದ್ದು ಓಡಾಡುತ್ತದೆ. ಆಮೇಲೆ ಸುಸ್ತು, ವಾಂತಿ, ಹೊಟ್ಟೆ ನೋವು, ಮುಖ ಬಿಳಿಚಿಕೊಳ್ಳುವುದು. ಹೊಟ್ಟೆಗೆ ಹ್ಯಾಂಡಲ್ ತಗುಲಿತು ಅಂದರೆ ಕಾಯದೆ ಆಸ್ಪತ್ರೆಗೆ ಹೊರಡಿ. ಹ್ಯಾಂಡಲ್ ಗ್ರಿಪ್ಪಿನ ರಬ್ಬರ್ ತುದಿ ಹರಿದು ಕಬ್ಬಿಣದ ಪೈಪು ಹೊರಬಂದಿದ್ದರೆ ಅವತ್ತೇ ಬದಲಾಯಿಸಿ. ನೂರು ಇನ್ನೂರು ರೂಪಾಯಿ ಮಾತು.

ಪಾವಗಡ, ಬಾಗೇಪಲ್ಲಿ ಕಡೆಯ ಒಳಗಿನ ಜಮೀನಾದರೆ ಇನ್ನೂ ಒಂದು ಯೋಚನೆ ಮಾಡಿ. 108 ಆಂಬುಲೆನ್ಸ್ ಅಲ್ಲಿವರೆಗೆ ಬರಬಲ್ಲದೇ? ಫೋನಿಗೆ ಸಿಗ್ನಲ್ ಸಿಗುತ್ತಾ? ಇಲ್ಲ ಅಂದರೆ ಅದು ಕಲಿಯುವ ಜಾಗ ಅಲ್ಲ.

ಅಳತೆ ಹೇಗೆ ಮಾಡೋದು

ಮಗುವನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ. ಎರಡು ತೊಡೆ ನಡುವೆ ಒಂದು ದಪ್ಪ ಪುಸ್ತಕ ಮೇಲಕ್ಕೆ ಒತ್ತಿ ಹಿಡಿಯಿರಿ. ಅದರ ಮೇಲ್ತುದಿಯಿಂದ ನೆಲಕ್ಕೆ ಟೇಪು ಹಿಡಿಯಿರಿ. ಏಳು ವರ್ಷದ ಮಗುವಿಗೆ ಸುಮಾರು 54 ಸೆಂ.ಮೀ. ಬರಬಹುದು, ಹನ್ನೊಂದರ ಹುಡುಗನಿಗೆ 65ರ ಆಸುಪಾಸು. ಮೊದಲ ಗಾಡಿಯ ಸೀಟ್ ಎತ್ತರ ಇದಕ್ಕಿಂತ ಸ್ವಲ್ಪ ಕಮ್ಮಿ ಇರಬೇಕು. ಆಗ ಅಂಗಾಲು ಪೂರ್ತಿ ನೆಲಕ್ಕೆ ಬರುತ್ತದೆ. ಚೆನ್ನಾಗಿ ಕಲಿತ ಮಕ್ಕಳು ಕಾಲ್ಬೆರಳಲ್ಲೇ ನಿಭಾಯಿಸುತ್ತಾರೆ. ಹೊಸಬರು ನಿಭಾಯಿಸುವುದಿಲ್ಲ.

"ಬೆಳೆಯೋ ಮಗು, ಒಂದು ಸೈಜ್ ದೊಡ್ಡದೇ ತಗೊಳ್ಳೋಣ" ಅನ್ನುವುದು ಸ್ಕೂಲ್ ಯೂನಿಫಾರ್ಮಿಗೆ ಸರಿ. ಗಾಡಿಗೂ ಹೆಲ್ಮೆಟ್ಟಿಗೂ ಅದು ಸರಿಹೋಗಲ್ಲ.

ಎರಡನೆಯದು ತೂಕ. ಗಾಡಿಯನ್ನು ಮಲಗಿಸಿ, ಮಗುವಿಗೆ ಎತ್ತಿ ನಿಲ್ಲಿಸಲು ಹೇಳಿ. ಆಗದಿದ್ದರೆ ಆ ಗಾಡಿ ದೊಡ್ಡದು.

ಮೂರನೆಯದು ರೈಸ್ (ಆಕ್ಸಲರೇಟರ್) ಮೇಲೆ ಹಿಡಿತ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಹೊಸ ಮಕ್ಕಳಿಗೆ ಆಗುವುದು ಹೀಗೆ. ರೈಸ್ ಕೊಡುತ್ತಾರೆ, ಗಾಡಿ ಜಗ್ಗಿ ಮುಂದಕ್ಕೆ ಹೋಗುತ್ತದೆ, ಮೈ ಹಿಂದಕ್ಕೆ ವಾಲುತ್ತದೆ. ಬೀಳಬಾರದು ಅಂತ ಹ್ಯಾಂಡಲ್ ಗಟ್ಟಿಯಾಗಿ ಹಿಡಿದು ಎಳೆಯುತ್ತಾರೆ. ಮಣಿಕಟ್ಟು ಕೆಳಕ್ಕೆ ಬಾಗಿ ರೈಸ್ ಇನ್ನೂ ಜಾಸ್ತಿ ಆಗುತ್ತದೆ. ಹೆದರಿದಷ್ಟೂ ಗಾಡಿ ಜೋರಾಗುತ್ತದೆ. "ಬಿಡು, ಬಿಡು" ಅಂತ ನೀವು ಕೂಗಿದರೂ ಆ ಕ್ಷಣಕ್ಕೆ ಕಿವಿಗೆ ಬೀಳುವುದಿಲ್ಲ. ಅದಕ್ಕೇ ರೈಸ್ ಎಷ್ಟು ತಿರುಗಬೇಕು ಅನ್ನುವುದನ್ನು ಕಮ್ಮಿ ಮಾಡಿಡುವ ಸ್ಕ್ರೂ, ಇಲ್ಲವೇ ವೇಗ ಕಟ್ಟಿಹಾಕುವ ಸ್ವಿಚ್ ಇರಬೇಕು. ದಾರದ ಕಿಲ್ ಸ್ವಿಚ್ ಇದ್ದರೆ ಬಹಳ ಒಳ್ಳೆಯದು. ದಾರದ ಒಂದು ತುದಿ ಮಗುವಿನ ಕೈಗೆ, ಬಿದ್ದರೆ ಎಂಜಿನ್ ಆಫ್.

ಖರ್ಚು ಲೆಕ್ಕ ಹಾಕುವಾಗ ಮೊದಲು ಮೈಗೆ ಹಾಕುವ ಸಾಮಾನು ಬರೆಯಿರಿ, ಆಮೇಲೆ ಗಾಡಿ. ಗಲ್ಲದವರೆಗೆ ಮುಚ್ಚುವ ಐಎಸ್‌ಐ ಗುರುತಿನ ಮಕ್ಕಳ ಹೆಲ್ಮೆಟ್, ಗಾಗಲ್ಸ್, ಎದೆ ಬೆನ್ನಿನ ಗಾರ್ಡ್, ಮೊಣಕೈ ಮೊಣಕಾಲು ಗಾರ್ಡ್, ಗ್ಲೌಸ್, ಪಾದದ ಗಿಣ್ಣು ಮುಚ್ಚುವ ಗಟ್ಟಿ ಬೂಟು. 12ರಿಂದ 20 ಸಾವಿರ ಎತ್ತಿಡಿ. ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದು ಮಗು ತಲೆ ಅಲ್ಲಾಡಿಸಲಿ. ಕೆನ್ನೆಯ ಚರ್ಮ ಹೆಲ್ಮೆಟ್ ಜೊತೆಗೇ ಅಲ್ಲಾಡಬೇಕು. ಅಪ್ಪನ ಹೆಲ್ಮೆಟ್ ಒಳಗೆ ಟವೆಲ್ ತುರುಕಿ ಕೊಡುವುದನ್ನು ನೋಡಿದ್ದೇನೆ. ಆ ಭಾರಕ್ಕೆ ಎಳೆ ಕತ್ತು ತಡೆಯುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ನಮ್ಮ ಕಡೆಯ ನೆಲ

ಗಾಡಿಯಷ್ಟೇ ಇದೂ ನೋಡಬೇಕು, ಯಾಕೆಂದರೆ ವಿಡಿಯೊದಲ್ಲಿ ಕಾಣುವ ಮೆತ್ತನೆಯ ಟ್ರ್ಯಾಕ್ ನಮ್ಮಲ್ಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ನೀಲಗಿರಿ ತೋಪು ದೂರದಿಂದ ಒಳ್ಳೆ ಜಾಗದ ಹಾಗೆ ಕಾಣುತ್ತದೆ. ಆದರೆ ಕಡಿದ ಬೊಡ್ಡೆ ಮತ್ತೆ ಚಿಗುರಿರುತ್ತದೆ. ಮಗುವಿಗೆ ಕಾಣುವುದು ಎಲೆಯ ಪೊದೆ, ಒಳಗಿರುವುದು ಕಲ್ಲಿನಷ್ಟು ಗಟ್ಟಿ ಮರ. ಮಾವಿನ ತೋಪಿನಲ್ಲಿ ಕೊಂಬೆಗಳು ಸರಿಯಾಗಿ ಹೆಲ್ಮೆಟ್ ಎತ್ತರಕ್ಕೇ ಬರುತ್ತವೆ. ತುಮಕೂರು, ತಿಪಟೂರು ಕಡೆ ತೆಂಗಿನ ತೋಟವಾದರೆ ಪಾತಿಯ ದಿಂಡು, ಬಿದ್ದ ಗರಿ, ಡ್ರಿಪ್ ಪೈಪು. ಎಲ್ಲಕ್ಕಿಂತ ನನಗೆ ಭಯ ಕಲ್ಲುಕಂಬಕ್ಕೆ ಕಟ್ಟಿದ ಮುಳ್ಳುತಂತಿ. ಸಂಜೆ ಬಿಸಿಲು ಎದುರಿಗಿದ್ದರೆ ತಂತಿ ಕಣ್ಣಿಗೆ ಬೀಳುವುದೇ ಇಲ್ಲ, ಅದು ಇರುವುದು ಮಗುವಿನ ಕತ್ತಿನ ಎತ್ತರಕ್ಕೆ. ಬೇಲಿಗೆ ಹತ್ತು ಮಾರು ಮೊದಲೇ ಗೊಬ್ಬರದ ಚೀಲಗಳಿಗೆ ಮಣ್ಣು ತುಂಬಿ ಸಾಲಾಗಿ ಇಡಿ. ಅದೇ ಗಡಿ.

ಒಣ ಕೆರೆಗಳ ಕಾಲವೂ ಬದಲಾಗಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ನಿನ್ನೆ ಒಣಗಿದ್ದ ಅಂಗಳದಲ್ಲಿ ಇವತ್ತು ಕೆಸರು. ಹೂಳು ತೆಗೆದ ಗುಂಡಿಗಳು ಬೇರೆ, ಜೆಸಿಬಿ ಬಿಟ್ಟುಹೋದ ಆಳಕ್ಕೆ ಲೆಕ್ಕವೇ ಇಲ್ಲ.

ಒಳ್ಳೆಯ ಜಾಗ ಯಾವುದು ಅಂದರೆ ರಾಗಿ ಕೊಯ್ದ ಹೊಲ. ಸಮತಟ್ಟು, ನೆಲ ಅಷ್ಟು ಗಟ್ಟಿಯಲ್ಲ, ನಾಲ್ಕೂ ಕಡೆ ಕಣ್ಣು ಹಾಯುತ್ತದೆ. ಮೊದಲು ನೀವೇ ನಡೆದು ನೋಡಿ. ಕಲ್ಲು ಆಯ್ದು ಹಾಕಿ, ಬಾವಿ, ಬೋರ್‌ವೆಲ್ ಗುಂಡಿ ಇದ್ದರೆ ಆ ಹೊಲ ಬಿಟ್ಟುಬಿಡಿ. ದನ ಮೇಯುವ ಹೊತ್ತು ಬೇಡ.

ಈಗ ಗಾಡಿಗಳು

ಸೈಕಲ್ಲಿನಿಂದ ಶುರು ಮಾಡುತ್ತೇನೆ. ಮಗು ಸೈಕಲ್ ಮೇಲೆ ಎರಡೂ ಬ್ರೇಕ್ ಹಿಡಿದು ಗೆರೆ ಎಳೆದ ಕಡೆ ನಿಲ್ಲಿಸುತ್ತಾ? ಮಣ್ಣಿನಲ್ಲಿ ನಿಂತು ತುಳಿಯುತ್ತಾ? ಹಿಂದೆ ತಿರುಗಿ ನೋಡುತ್ತಾ ನೇರ ಹೋಗುತ್ತಾ? ಇದು ಬರದಿದ್ದರೆ ಮೋಟಾರು ಬೇಡ. ದಪ್ಪ ಟೈರಿನ ಒಳ್ಳೆ ಸೈಕಲ್ 6ರಿಂದ 12 ಸಾವಿರಕ್ಕೆ ಸಿಗುತ್ತದೆ. ಡರ್ಟ್ ಬೈಕಿಗೆ ಬೇಕಾದ ಬ್ಯಾಲೆನ್ಸ್ ಬಹುಪಾಲು ಇಲ್ಲೇ ಬರುತ್ತದೆ. ಹಣ ಬಿಗಿ ಇರುವ ಮನೆಗೆ ಇದು ಎರಡನೇ ದರ್ಜೆಯ ಆಯ್ಕೆ ಅಂತ ನನಗೆ ಅನಿಸಿಲ್ಲ.

ಎಲೆಕ್ಟ್ರಿಕ್. ತೀರ ಚಿಕ್ಕವರಿಗೆ, ಅಂದರೆ ಮೂರರಿಂದ ಏಳು ವರ್ಷದವರಿಗೆ, ಪೆಡಲ್ ಇಲ್ಲದ ಬ್ಯಾಲೆನ್ಸ್ ಬೈಕುಗಳಿವೆ. ಸ್ಟೇಸಿಕ್ ಅದರಲ್ಲಿ ಹೆಸರಾದದ್ದು, 12 ಮತ್ತು 16 ಇಂಚಿನ ಚಕ್ರದಲ್ಲಿ ಬರುತ್ತದೆ, ತೂಕ 10 ಕಿಲೋ ಒಳಗೆ. ಮೋಟಾರ್ ಆಫ್ ಮಾಡಿ ಮಗು ಮೊದಲು ಕಾಲಲ್ಲೇ ತಳ್ಳಿಕೊಂಡು ಓಡಾಡಿ ಕಲಿಯಬಹುದು. ಅದು ದೊಡ್ಡ ಅನುಕೂಲ. ನಮ್ಮಲ್ಲೇ ಮಾಡಿದ್ದು ಬೇಕು ಅಂದರೆ ಹೀರೋದ ವಿಡಾ ಡರ್ಟ್.ಇ ಕೆ3 ಇದೆ. 4ರಿಂದ 10 ವರ್ಷದವರಿಗೆ, 22 ಕಿಲೋ, ಬಂದಾಗಿನ ಬೆಲೆ 70 ಸಾವಿರದ ಹತ್ತಿರ. ಎತ್ತರವನ್ನು ಮೂರು ಹಂತದಲ್ಲಿ ಏರಿಸಬಹುದು. ವೇಗವೂ ಮೂರು ಹಂತ, 8ರಿಂದ 25 ಕಿ.ಮೀ.ವರೆಗೆ. "ಬೆಳೆಯೋ ಮಗು" ಅನ್ನುವ ಚಿಂತೆಗೆ ಇದು ಸರಿಯಾದ ಉತ್ತರ. ಸುಡುವ ಸೈಲೆನ್ಸರ್ ಇಲ್ಲ, ಸದ್ದಿಲ್ಲ, ದನಕರು ಬೆದರುವುದಿಲ್ಲ.

ಸದ್ದಿಲ್ಲದೇ ಇರುವುದೇ ಅದರ ಅಪಾಯ ಕೂಡ. ಗಾಡಿ ಆನ್ ಆಗಿದೆ ಅಂತ ಗೊತ್ತಾಗುವುದಿಲ್ಲ. ಇಳಿದು ಪಕ್ಕದಲ್ಲಿ ನಿಂತು ಮಾತಾಡುತ್ತಾ ಮಗು ರೈಸ್ ತಿರುಗಿಸುತ್ತದೆ, ಗಾಡಿ ಚಂಗನೆ ಮುಂದಕ್ಕೆ ಹಾರುತ್ತದೆ. ಎಲೆಕ್ಟ್ರಿಕ್ ಮೋಟಾರು ಎಳೆತ ಕೊಡುವುದು ತಿರುಗಿಸಿದ ಕ್ಷಣದಲ್ಲೇ. ಕಾಲು ಕೆಳಗಿಟ್ಟರೆ ಸ್ವಿಚ್ ಆಫ್, ಇದು ಮೊದಲ ದಿನದ ಪಾಠ. ಚಿಕ್ಕ ಬ್ಯಾಟರಿಗಳು ಅರ್ಧ ಮುಕ್ಕಾಲು ಗಂಟೆ ಬರುತ್ತವೆ. ಹೊಸದಾಗಿ ಕಲಿಯುವ ಮಗುವಿಗೆ ಅಷ್ಟೇ ಸಾಕು. ಅದಕ್ಕಿಂತ ಜಾಸ್ತಿ ಓಡಿಸಿದರೆ ಕೈ ಸೋತು ಬೀಳುತ್ತಾರೆ.

ಆನ್‌ಲೈನಲ್ಲಿ ಸಿಗುವ 49 ಸಿಸಿ ಪಾಕೆಟ್ ಬೈಕ್. ಬೆಲೆ ನೋಡಿ ಆಸೆಯಾಗುವುದು ಸಹಜ. ನಾನು ಹೇಳುವುದು ಬೇಡ ಅಂತಲೇ, ಆದರೂ ಕಾರಣ ಕೊಡಬೇಕಲ್ಲ. ಹೆಸರಿಲ್ಲದ ಕಂಪನಿ, ಸ್ಪೇರ್ ಬೇಕಂದರೆ ಬೆಂಗಳೂರಿಗೆ ಓಡಬೇಕು. ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು, ಮಗುವಿನ ಕೈಲಾಗದು. ಎಷ್ಟೋ ಗಾಡಿಗಳಲ್ಲಿ ಚೈನ್ ಪೂರ್ತಿ ಬಯಲಿಗೆ ಬಿಟ್ಟಿರುತ್ತದೆ, ಬೆರಳು ಸಿಕ್ಕಿದರೆ ಹೋಯಿತು. ಗಾಡಿ ಅದುರುವುದಕ್ಕೆ ನಟ್ಟು ಬೋಲ್ಟು ಸಡಿಲವಾಗುತ್ತವೆ, ಪ್ರತಿ ಸಲ ಓಡಿಸುವ ಮೊದಲು ಸ್ಪ್ಯಾನರ್ ಹಿಡಿಯಬೇಕು. ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಬೇಕು. 25ಕ್ಕೆ 1 ಅಂತ ಹೇಳಿದ್ದರೆ ಲೀಟರಿಗೆ 40 ಎಂಎಲ್. ಮರೆತರೆ ಎಂಜಿನ್ ಸೀಜ್.

ಈಗಾಗಲೇ ತಂದುಬಿಟ್ಟಿದ್ದರೆ ಮಗುವನ್ನು ಕೂರಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಹಿಂದಿನ ಚಕ್ರ ನೆಲ ಬಿಡುವಂತೆ ಗಾಡಿಯನ್ನು ಇಟ್ಟಿಗೆ ಮೇಲೆ ನಿಲ್ಲಿಸಿ ಸ್ಟಾರ್ಟ್ ಮಾಡಿ. ರೈಸ್ ಮುಟ್ಟದೆಯೇ ಚಕ್ರ ರಭಸದಿಂದ ತಿರುಗುತ್ತಿದ್ದರೆ ಐಡ್ಲಿಂಗ್ ಜಾಸ್ತಿ ಇದೆ ಅಂತ. ಮಗು ಕೂತ ಕೂಡಲೇ ಗಾಡಿ ತಾನಾಗಿ ಹೊರಡುತ್ತದೆ. ಸ್ಕ್ರೂ ಕಮ್ಮಿ ಮಾಡಿಸಿ. ಆಮೇಲೆ ಎಂಜಿನ್ ಆಫ್ ಮಾಡಿ ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿ ರೈಸ್ ಕೊಟ್ಟು ಬಿಡಿ, ಬಲಕ್ಕೆ ತಿರುಗಿಸಿ ಅದೇ ಮಾಡಿ. ಎರಡೂ ಸಲ ಟಕ್ ಅಂತ ವಾಪಸ್ ಬರಬೇಕು. ಒಂದು ಕಡೆ ನಿಧಾನವಾದರೂ ಕೇಬಲ್ ಸಿಕ್ಕಿಕೊಳ್ಳುತ್ತಿದೆ. ಸರಿಮಾಡಿಸದೆ ಓಡಿಸಬೇಡಿ.

ಕಂಪನಿಯ ಪೆಟ್ರೋಲ್ ಡರ್ಟ್ ಬೈಕ್. ಇಲ್ಲಿ ಗುಣಮಟ್ಟ ಬೇರೆಯೇ. ಯಮಹಾ ಪಿಡಬ್ಲ್ಯೂ50 ಅನ್ನುವುದರಲ್ಲಿ ಚೈನೇ ಇಲ್ಲ, ಶಾಫ್ಟ್ ಇದೆ. ಎರಡೂ ಬ್ರೇಕ್ ಸೈಕಲ್ ಹಾಗೆ ಕೈಯಲ್ಲಿ. ರೈಸ್ ಕಟ್ಟಿಹಾಕುವ ಸ್ಕ್ರೂ ಇದೆ. ಸೀಟ್ 47.5 ಸೆಂ.ಮೀ., ತೂಕ 40 ಕಿಲೋ ಆಸುಪಾಸು. ಹೋಂಡಾ ಸಿಆರ್‌ಎಫ್50ಎಫ್ ಸೀಟ್ 55 ಸೆಂ.ಮೀ., ಮೂರು ಗೇರು, ಕ್ಲಚ್ ಹಿಡಿಯುವ ಕೆಲಸ ಇಲ್ಲ. ಆದರೆ ಇವೆರಡು ಇಲ್ಲಿನ ಶೋರೂಮಿನಲ್ಲಿ ಸಿಗುವ ಗಾಡಿಗಳಲ್ಲ. ಹೊರಗಿಂದ ತಂದವರ ಕೈಯಿಂದ ಕೊಳ್ಳಬೇಕು. ಬಿಲ್ಲು, ಕಸ್ಟಮ್ಸ್ ಕಾಗದ ಕೇಳದೆ ಹಣ ಕೊಡಬೇಡಿ. ಕಾವಾಸಾಕಿ ಕೆಎಲ್‌ಎಕ್ಸ್110 ಮಾತ್ರ 2018ರಲ್ಲಿ ಇಲ್ಲೇ ಬಿಡುಗಡೆಯಾಯಿತು, ಬೆಲೆ ಎರಡೂಮುಕ್ಕಾಲು ಲಕ್ಷ ದಾಟಿತ್ತು. ಸೀಟ್ 68 ಸೆಂ.ಮೀ., 76 ಕಿಲೋ. ಕ್ಲಚ್ ಹಿಡಿಯದೆ ಗೇರ್ ಹಾಕಬಹುದು, ಎಂಜಿನ್ ಸಾಧು ಸ್ವಭಾವದ್ದು. ಆದರೆ 35 ಕಿಲೋ ಹುಡುಗನ ಕಾಲ ಮೇಲೆ 76 ಕಿಲೋ ಬಿದ್ದರೆ ಏನು ಅಂತ ಯೋಚಿಸಿ. ಕೆಟಿಎಂ 50 ಎಸ್‌ಎಕ್ಸ್‌ನಂಥವು ರೇಸಿಗಾಗಿ ಮಾಡಿದವು, ಮೊದಲ ಗಾಡಿ ಅಲ್ಲವೇ ಅಲ್ಲ. ಪೆಟ್ರೋಲ್ ಗಾಡಿ ಯಾವುದಾದರೂ ನಮ್ಮ ಕೆಂಪು ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ತೊಳೆದು ಆಯಿಲ್ ಹಚ್ಚಿ ಹಾಕುವ ಅಭ್ಯಾಸ ಬೇಕು.

ತಾತನ ಎಕ್ಸ್‌ಎಲ್. ಗೇರಿಲ್ಲ, ಮೆಕ್ಯಾನಿಕ್ ಎಲ್ಲಾ ಊರಲ್ಲೂ ಇದ್ದಾನೆ, ಖರ್ಚಿಲ್ಲ. ಆದರೆ ಅದು ದೊಡ್ಡವರ ಅಳತೆಗೆ, ಮೂಟೆ ಹೊರಲು ಮಾಡಿದ ಗಾಡಿ. ಮಕ್ಕಳ ಕೈಗೆ ಬ್ರೇಕ್ ಲಿವರ್ ಎಟಕುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ನಂಬರ್ ಪ್ಲೇಟ್ ಇರುವುದರಿಂದ ಒಂದು ದಿನ "ಅಂಗಡಿಯಿಂದ ಹಾಲು ತಗೊಂಡು ಬಾ" ಅಂತ ನಾವೇ ಕಳಿಸುತ್ತೇವೆ. ಬೇಡ. ಎಕ್ಸ್‌ಪಲ್ಸ್ ಥರದ ದೊಡ್ಡ ಬೈಕ್ 80 ಸೆಂ.ಮೀ. ಮೀರಿದ ಸೀಟ್, 150 ಕಿಲೋ ಮೀರಿದ ತೂಕ. ಅದರ ಮಾತು 18 ತುಂಬಿದ ಮೇಲೆ.

ಕೊಳ್ಳದೇ ಕಲಿಸುವುದು ಇನ್ನೊಂದು ದಾರಿ. ಕೋಲಾರ ಜಿಲ್ಲೆಯಲ್ಲೇ ಬಿಗ್‌ರಾಕ್ ಡರ್ಟ್‌ಪಾರ್ಕ್ ಇದೆ. 2015ರಲ್ಲಿ, ಜಗತ್ತಿನ ಕಠಿಣ ದೂರದ ರೇಸುಗಳಲ್ಲೊಂದಾದ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಕಟ್ಟಿದ ತರಬೇತಿ ಜಾಗ. ಇಂಥ ಕಡೆ ಫೋನ್ ಮಾಡಿ, ಎಷ್ಟು ವಯಸ್ಸಿನಿಂದ ಸೇರಿಸಿಕೊಳ್ಳುತ್ತೀರಿ, ಮಕ್ಕಳ ಅಳತೆಯ ಗಾಡಿ, ಹೆಲ್ಮೆಟ್ ಇದೆಯಾ, ಒಬ್ಬ ಕಲಿಸುವವರಿಗೆ ಎಷ್ಟು ಮಕ್ಕಳು ಅಂತ ಕೇಳಿ. ಮಗುವಿಗೆ ನಿಜವಾಗಿ ಇಷ್ಟವಾ, ವಿಡಿಯೊ ನೋಡಿದ ಆಸೆಯಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಬಿದ್ದ ಮೇಲೂ ಮತ್ತೆ ಹತ್ತುತ್ತಾರಾ ಅಂತ ನೋಡಿ.

ಯಾರಿಗೆ ಯಾವುದು

ಚಿಂತಾಮಣಿಯ ತಾಯಿಗೆ ನಾನು ಹೇಳಿದ್ದು: ಮಗಳು ಸೈಕಲ್ ಚೆನ್ನಾಗಿ ಓಡಿಸಿದರೆ ಎಲೆಕ್ಟ್ರಿಕ್, ಅತಿ ಕಮ್ಮಿ ವೇಗದಲ್ಲಿ, ಹೊಲದಲ್ಲಿ, ನೀವು ಪಕ್ಕದಲ್ಲಿ ನಡೆಯುತ್ತಾ. 60–70 ಸಾವಿರ ಆಗದಿದ್ದರೆ ಒಳ್ಳೆ ಸೈಕಲ್ ಮತ್ತು ಒಳ್ಳೆ ಹೆಲ್ಮೆಟ್. 35 ಸಾವಿರದ ಪಾಕೆಟ್ ಬೈಕ್ ಇವೆರಡರ ನಡುವಿನ ದಾರಿ ಅನಿಸುತ್ತದೆ, ಆದರೆ ನಡುವಿನದಲ್ಲ, ಎರಡಕ್ಕಿಂತಲೂ ಜಾಸ್ತಿ ಅಪಾಯದ್ದು.

ಗುಬ್ಬಿಯ ಹುಡುಗ ಎಲೆಕ್ಟ್ರಿಕ್ ಬ್ಯಾಲೆನ್ಸ್ ಬೈಕಿನ ವಯಸ್ಸು ದಾಟಿದ್ದಾನೆ. ಕೆಎಲ್‌ಎಕ್ಸ್ 68 ಸೆಂ.ಮೀ., ಅವನ ಅಳತೆ 65. ಕಾಲ್ಬೆರಳು ಮಾತ್ರ ತಾಗುತ್ತದೆ. ಅವನಿಗೆ ಈ ವರ್ಷ ಕೊಳ್ಳುವ ಅವಸರ ಇಲ್ಲ. ಬೇಸಿಗೆ ರಜೆಯಲ್ಲಿ ತರಬೇತಿ ಮೈದಾನದ ಗಾಡಿಯಲ್ಲೇ ಕಲಿಯಲಿ, ಮೈಗೆ ಹಾಕುವ ಸಾಮಾನು ಮಾತ್ರ ಸ್ವಂತದ್ದು ಇರಲಿ. ಮುಂದಿನ ವರ್ಷ ಅಳತೆ 70 ಮುಟ್ಟಿ, ಆಸೆಯೂ ಹಾಗೇ ಇದ್ದರೆ, ಆಗ ಸೆಕೆಂಡ್ ಹ್ಯಾಂಡ್ ಕೆಎಲ್‌ಎಕ್ಸ್ ಹುಡುಕಿ. ನೋಡಲು ಹೋದಾಗ ಹುಡುಗನನ್ನೂ ಕರೆದುಕೊಂಡು ಹೋಗಿ. ಫುಟ್‌ರೆಸ್ಟ್ ಬಗ್ಗಿದೆಯಾ, ಹ್ಯಾಂಡಲ್ ಸೊಟ್ಟ ಆಗಿದೆಯಾ, ಮುಂದಿನ ಫೋರ್ಕಿನಿಂದ ಆಯಿಲ್ ಸೋರುತ್ತಿದೆಯಾ ಅಂತ ನೀವು ನೋಡಿ. ಮಲಗಿಸಿದ ಗಾಡಿಯನ್ನು ಎತ್ತಿ ನಿಲ್ಲಿಸುವ ಪರೀಕ್ಷೆ ಅವನು ಮಾಡಲಿ, ದುಡ್ಡಿನ ಮಾತು ಅದಾದ ಮೇಲೆ.